ಮೊರದಲ್ಲಿ ಮಾರಿದ ಕೂಸು

ಪರದೇಶ ಎಂದರೆ ಈಗಿನವರಿಗೆ ಹಡಗು, ಸಮುದ್ರ, ತಿಂಗಳುಗಟ್ಟಲೆ ಪ್ರವಾಸ. ನಮ್ಮ ಪರದೇಶ ಅಷ್ಟು ದೂರ ಇರಲಿಲ್ಲ. ಬೈಲಹೊಂಗಲದಲ್ಲಿ ಚಕ್ಕಡಿ ಹತ್ತಿ, ಕಿತ್ತೂರಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಧಾರವಾಡದಲ್ಲಿ ರೈಲು ಹಿಡಿದರೆ ಮರುದಿನ ಗೋವೆ. ಘಟ್ಟದ ನೆತ್ತಿಯ ಸ್ಟೇಷನ್ನಿನಲ್ಲಿ ಇಂಗ್ರೇಜಿಯವರ ರಾಜ್ಯ ಮುಗಿದು ಪೋರ್ತುಗೀಜರ ರಾಜ್ಯ ಸುರುವಾಗುತ್ತಿತ್ತು. ಅಲ್ಲಿ ಟೋಪಿಯವನೊಬ್ಬ ನಮ್ಮ ಗಂಟು ಬಿಚ್ಚಿಸಿ, ಜೋಳದ ಹಿಟ್ಟಿನೊಳಗೆ ಕೈ ಹಾಕಿ ತಿರುವಿ, ಮುಖ ಸಿಂಡರಿಸಿ, ಹೋಗು ಎನ್ನುತ್ತಿದ್ದ. ಆ ಕೈ ತೊಳೆದದ್ದೋ ಇಲ್ಲವೋ ಎಂದು ನನ್ನ ಹೆಂಡತಿ ಸಮುದ್ರ ಕಾಣುವವರೆಗೂ ಗೊಣಗಿದಳು.

ನಾನು ಅಲ್ಲಿಗೆ ಹೋದದ್ದು ಶೋಕಿಗಲ್ಲ. ಬೈಲಹೊಂಗಲಕ್ಕೆ ಪ್ಲೇಗು ಬಂದಿತ್ತು. ಜನ ಮನೆಗಳಿಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ನಾನು ಹತ್ತಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವ, ಅಂಗಡಿ ಮುಚ್ಚಿತು. ನಮ್ಮ ಕಡೆಯ ಹತ್ತಿಯ ಅಂಡಿಗೆಗಳು, ಒತ್ತಿ ಕಟ್ಟಿದ ದೊಡ್ಡ ಮೂಟೆಗಳು, ಗೋವೆಯ ಬಂದರಕ್ಕೆ ಹೋಗಿ ಹಡಗು ಹತ್ತುತ್ತಿದ್ದವು. ಅಂಡಿಗೆಯ ಮೇಲಿನ ಗುರುತು ಓದಿ, ತೂಕ ನೋಡಿ ಹೇಳಲು ಅಲ್ಲಿ ಕನ್ನಡ ಬಲ್ಲವನೊಬ್ಬ ಬೇಕಾಗಿದ್ದ. ತೂಕದಲ್ಲಿ ಸುಳ್ಳು ಹೇಳದವ ಎಂದು ನನಗೊಂದು ಹೆಸರಿತ್ತು. ಹೆಸರಿನ ಜೊತೆಗೆ ಸೊಕ್ಕೂ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಕೆಟ್ಟದ್ದೆಲ್ಲ ಆ ಸೊಕ್ಕಿನಿಂದಲೇ ಕೆಟ್ಟಿತು.

ಹೆಂಡತಿ ಸಿರಸಂಗಿಯವಳು. ನಮಗೆ ಎರಡು ಕೂಸು ಆಗಿ ಹೋಗಿದ್ದವು. ಮೊದಲನೆಯದು ಒಂಬತ್ತು ದಿನ ಇತ್ತು, ಎರಡನೆಯದು ಮೂರು ತಿಂಗಳು. ಮೂರನೆಯದಕ್ಕೆ ಬಸುರಾದಾಗ ಅವಳು ತವರಿಗೆ ಹೋಗಬೇಕಾಗಿತ್ತು, ಆದರೆ ಸಿರಸಂಗಿಯಲ್ಲೂ ಇಲಿ ಸತ್ತು ಬೀಳುತ್ತಿವೆ ಎಂಬ ಸುದ್ದಿ ಬಂತು. ಅದಕ್ಕೇ ಆರನೆಯ ತಿಂಗಳಲ್ಲಿ ಅವಳನ್ನು ನಾನೇ ಊರಿಗೆ ಹೋಗಿ ಗೋವೆಗೆ ಕರೆದುಕೊಂಡು ಬಂದೆ. ಬಂದರದ ಹತ್ತಿರ ಒಂದೇ ಖೋಲಿಯ ಮನೆ. ಪಕ್ಕದಲ್ಲಿ ಮೀನು ಮಾರುವ ಕೊಂಕಣಿ ಹೆಂಗಸು. ಅವಳು ಬುಟ್ಟಿ ಹೊತ್ತು ಹೊರಟರೆ ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಶಿವರಾತ್ರಿ ಆಗಿ ಎಂಟು ದಿನಕ್ಕೆ, ಏಳು ತಿಂಗಳ ಮೇಲೆ ಇನ್ನೂ ಹದಿನೈದು ದಿನ ತುಂಬಿರಲಿಲ್ಲ, ಹೆಂಡತಿಗೆ ನೋವು ಸುರುವಾದಾಗ ಗಾಡಿ ತರಲು ಓಡಿದವಳು ಅದೇ ಹೆಂಗಸು. ಮೂಗು ಮುಚ್ಚಿಕೊಳ್ಳುವುದು ಅವತ್ತಿಗೆ ನಿಂತಿತು.

ಗುಡ್ಡದ ಮೇಲೆ ಕಿರಿಸ್ತಾನ ಸನ್ಯಾಸಿನಿಯರ ಸಣ್ಣ ಆಸ್ಪತ್ರೆ ಇತ್ತು. ಊರವರು ಅವರನ್ನು ಮಾದ್ರೆ ಎನ್ನುತ್ತಿದ್ದರು, ಅಂದರೆ ತಾಯಿ. ಕೂಸು ಹುಟ್ಟಿದ್ದು ಅಲ್ಲಿ. ಹೆಣ್ಣು. ಅಳಲಿಲ್ಲ. ಬೆಕ್ಕಿನ ಮರಿಯ ಹಾಗೆ ಬಾಯಿ ತೆರೆಯಿತು, ದನಿ ಬರಲಿಲ್ಲ. ಹಿರಿಯ ಮಾದ್ರೆ ಅದನ್ನು ತಕ್ಕಡಿಯಲ್ಲಿಟ್ಟರು. ನಾನು ಬಾಗಿಲಲ್ಲಿ ನಿಂತೇ ಮುಳ್ಳು ಓದಿದೆ: ಮೂರು ರತ್ತಲು, ಅಂದರೆ ಮೂರು ಪೌಂಡು, ಮೇಲೆ ತುಸು. ಹತ್ತಿಯ ವ್ಯಾಪಾರದಲ್ಲಿ ಒಂದು ಅಂಡಿಗೆಗೆ ಅಷ್ಟು ತೂಕ ಕಡಿಮೆ ಬಿದ್ದರೆ ಯಾರೂ ತಕರಾರು ಮಾಡುವುದಿಲ್ಲ, ಕಸರು ಎಂದು ಬಿಟ್ಟುಬಿಡುತ್ತಾರೆ. ನನ್ನ ಮಗಳ ಪೂರಾ ತೂಕ ಅಷ್ಟಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮದು ಹೆಗ್ಗಣದಷ್ಟೂ ಇರಲಿಲ್ಲ. ಉಗುರು ಇನ್ನೂ ಪೂರ್ತಿ ಮೂಡಿರಲಿಲ್ಲ, ಕಿವಿ ಹಾಳೆಯ ಹಾಗೆ ಮಡಚಿಕೊಳ್ಳುತ್ತಿತ್ತು, ತೊಡೆ ನನ್ನ ಹೆಬ್ಬೆರಳಿನಷ್ಟು. ಇದು ಉಳಿಯುತ್ತದೆಯೇ ಎಂದು ನನ್ನ ಮರಾಠಿಯಲ್ಲಿ ಕೇಳಿದೆ. ಮಾದ್ರೆ ತಮ್ಮ ಕೊಂಕಣಿಯಲ್ಲಿ ಹೇಳಿದರು: ಬೆಚ್ಚಗಿದ್ದರೆ ಉಳಿಯುತ್ತದೆ, ತಣ್ಣಗಾದರೆ ಇಲ್ಲ. ಆ ಎರಡು ಭಾಷೆಯ ನಡುವೆ ಎಷ್ಟೋ ಮಾತು ಸೋರಿಹೋಗುತ್ತಿತ್ತು, ಆದರೆ ಇದು ಮಾತ್ರ ಪೂರ್ತಿ ಮುಟ್ಟಿತು.

ಬೆಚ್ಚಗಿಡುವುದೇ ನಮ್ಮ ಉದ್ಯೋಗವಾಯಿತು. ಮಾದ್ರೆ ಸಾಬೂನು ಬಂದ ಮರದ ಪೆಟ್ಟಿಗೆಯೊಂದನ್ನು ತಂದು, ಒಳಗೆ ಹಾಸಲು ಒಳ್ಳೆಯ ಹತ್ತಿ ಬೇಕು ಎಂದರು. ಹತ್ತಿ ಬೇಕೆಂದು ನನ್ನ ಮುಂದೆ ಹೇಳಿದರು! ಬಂದರದಲ್ಲಿ ಒಂದು ಅಂಡಿಗೆ ಒಡೆದಿತ್ತು. ಸಾಹೇಬನನ್ನು ಕೇಳಿ ಪಂಜೆಯ ತುಂಬ ಕಟ್ಟಿಕೊಂಡು ಬಂದೆ. ಗುರುತು ನೋಡಿದರೆ ಬೈಲಹೊಂಗಲದ್ದೇ. ಹೆಂಡತಿ ಹಾಸಿಗೆಯಲ್ಲಿ ಮಲಗಿಕೊಂಡೇ ಅದರೊಳಗಿನ ಬೀಜದ ಚೂರು, ಎಲೆಯ ಪುಡಿ ಒಂದೊಂದನ್ನೇ ಆರಿಸಿ ತೆಗೆದಳು. ಕೂಸಿನ ಎರಡೂ ಮಗ್ಗುಲಿಗೆ ಬಿಸಿನೀರಿನ ಬಾಟಲಿ, ಕಾಲ ಕೆಳಗೆ ಒಂದು. ಬಾಟಲಿ ಆರುವುದರೊಳಗೆ ಬೇರೆಯದು ತಯಾರಿರಬೇಕು. ಹಡಗು ಇಲ್ಲದ ದಿನ ನಾನು ಆಸ್ಪತ್ರೆಯ ಹಿತ್ತಲಲ್ಲಿ ಒಲೆಯ ಮುಂದೆ ಕುಳಿತಿರುತ್ತಿದ್ದೆ. ಹೆಂಗಸರ ಕೆಲಸ ಎಂದು ನಮ್ಮೂರಲ್ಲಿ ಯಾರು ಏನಂದರೂ ನನಗೆ ಕೇಳಿಸುವಂತಿರಲಿಲ್ಲ, ಪರದೇಶದ ಒಂದು ಸುಖ ಅದು. ಕಣ್ಣಿಗೆ ಹೊಗೆ ತಿಂದುಕೊಂಡು ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಇರಲಿಲ್ಲ. ಈ ಮಾತು ಹೇಳಲು ನಾಚಿಕೆ ಇಲ್ಲ.

ಹಾಲು ಹೀರುವ ಶಕ್ತಿ ಕೂಸಿಗೆ ಇರಲಿಲ್ಲ. ಹೆಂಡತಿ ಹಾಲು ಹಿಂಡಿ ಬಟ್ಟಲಿಗೆ ಹಾಕಿ, ಮೆತ್ತನೆಯ ಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು, ಅದ್ದಿ ಅದ್ದಿ ತುಟಿಗೆ ಇಡುತ್ತಿದ್ದಳು. ಒಂದು ಬಟ್ಟಲು ಖಾಲಿಯಾಗುವುದರೊಳಗೆ ಇನ್ನೊಂದರ ಹೊತ್ತಾಗುತ್ತಿತ್ತು. ಅದಕ್ಕಿಂತ ಕಷ್ಟದ್ದು ಉಸಿರು. ಕೂಸು ಇದ್ದಕ್ಕಿದ್ದ ಹಾಗೆ ಉಸಿರಾಡುವುದನ್ನೇ ಮರೆತುಬಿಡುತ್ತಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಆಗ ಅಂಗಾಲಿಗೆ ಬೆರಳಿನಿಂದ ಚಿಮ್ಮಬೇಕು, ಹೊಡೆಯಬಾರದು, ಚಿಮ್ಮಬೇಕು. ಮಾದ್ರೆ ತೋರಿಸಿಕೊಟ್ಟರು. ಚಿಮ್ಮಿದರೆ ನೆನಪಾದವರ ಹಾಗೆ ಮತ್ತೆ ಉಸಿರು ಎಳೆಯುತ್ತಿತ್ತು. ಒಬ್ಬರಾದರೂ ಅದರ ಎದೆಯ ಮೇಲೆ ಕಣ್ಣಿಟ್ಟುಕೊಂಡೇ ಇರಬೇಕಾಗಿತ್ತು. ಹೆಂಡತಿ ಆಕಳಿಸಿದರೆ ನಾನು ಗದರುತ್ತಿದ್ದೆ, ನಾನು ತೂಕಡಿಸಿದರೆ ಅವಳು ನನ್ನ ಕಾಲಿಗೇ ಚಿಮ್ಮುತ್ತಿದ್ದಳು.

ಹನ್ನೆರಡನೆಯ ದಿನ ಊರಿನಿಂದ ನನ್ನ ಅವ್ವನ ಕಾಗದ ಬಂತು. ಅವ್ವನಿಗೆ ಓದುಬರಹ ಇಲ್ಲ. ಸಾಲೆಯ ಮಾಸ್ತರರಿಂದ ಬರೆಸಿದ್ದಳು. ಎರಡು ಸಲ ಕೂಸು ನಿಲ್ಲಲಿಲ್ಲ, ಇದನ್ನಾದರೂ ಮಾರು, ನಿನ್ನನ್ನು ಮಾರಿದ್ದಕ್ಕೇ ನೀನು ಉಳಿದೆ, ಎಂದಿತ್ತು.

ತಿಳಿಯದವರಿಗೆ ಹೇಳಬೇಕು. ಕೂಸು ನಿಲ್ಲದ ಮನೆಯಲ್ಲಿ ನಮ್ಮ ಕಡೆ ಹುಟ್ಟಿದ ಕೂಸನ್ನು ಮೊರದಲ್ಲಿ ಹಾಕಿ ಬೇರೊಬ್ಬ ಹೆಂಗಸಿಗೆ ಮಾರುತ್ತಾರೆ. ಬೆಲೆ ಒಂದು ಹಿಡಿ ತೌಡು. ಮಾರಿದ ಮೇಲೆ ಕೂಸು ನಮ್ಮದಲ್ಲ, ಅವಳದು. ನಮ್ಮ ಮನೆಯ ಮೇಲೆ ಕಣ್ಣಿಟ್ಟ ಸಾವು ಬಂದು ಹುಡುಕಿದರೆ ಅಲ್ಲಿ ನಮ್ಮ ಕೂಸೇ ಇಲ್ಲ. ಕೂಸು ಇರುವುದು ನಮ್ಮ ಹತ್ತಿರವೇ, ಹಾಲು ಕುಡಿಯುವುದು ತಾಯಿಯದೇ. ಮಾತಿಗೆ ಮಾತ್ರ ಅವಳದು. ಗಟ್ಟಿಯಾದ ಮೇಲೆ ಅವಳಿಗೆ ಕುಬಸದ ಖಣ ಒಂದು, ಮೊರದ ತುಂಬ ಜೋಳ ಕೊಟ್ಟು ಬಿಡಿಸಿಕೊಳ್ಳಬೇಕು. ನನ್ನನ್ನು ನಮ್ಮೂರ ಬುಟ್ಟಿ ಹೆಣೆಯುವ ಹೆಂಗಸಿಗೆ ಮಾರಿದ್ದರಂತೆ. ಸಣ್ಣವನಿದ್ದಾಗ ಅವಳು ನನ್ನನ್ನು ಕಂಡರೆ ನನ್ನ ಮಗಾ ಎಂದು ಗದ್ದ ಹಿಡಿಯುತ್ತಿದ್ದಳು, ನಾನು ಮೈ ಕೊಡವಿಕೊಂಡು ಓಡುತ್ತಿದ್ದೆ.

ಗೋವೆಯಲ್ಲಿ ಯಾರಿಗೆ ಮಾರುವುದು? ಮೀನಿನವಳನ್ನು ಕೇಳಿದೆವು. ನನಗೇ ಏಳು ಮಕ್ಕಳು, ಮಾತಿಗೂ ಇನ್ನೊಂದು ಬೇಡ ಎಂದು ಕೈಮುಗಿದಳು. ಮೊರ ಮಾತ್ರ ಕೊಟ್ಟಳು, ತೊಳೆದೇ ಕೊಟ್ಟಳು, ಆದರೂ ವಾಸನೆ ಇತ್ತು. ಉಳಿದವರು ಹಿರಿಯ ಮಾದ್ರೆ. ಕೊಂಡುಕೊಳ್ಳಿ ಎಂದಾಗ ಅವರು ಮೊದಲು ಸಿಟ್ಟಾದರು. ಯಾಕೆ ಏನು ಎಂದು ನಾನು ಬಿಡಿಸಿ ಹೇಳಿದ ಮೇಲೆ ನಕ್ಕರು. ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಂಡರು. ಕೂಸನ್ನು ಹತ್ತಿಯಿಂದ ತೆಗೆಯುವ ಹಾಗಿರಲಿಲ್ಲ, ಅದಕ್ಕೇ ಪೆಟ್ಟಿಗೆಯ ಸಮೇತ ಮೊರದಲ್ಲಿಟ್ಟೆವು. ಮಾದ್ರೆ ಅಡಿಗೆಮನೆಯಿಂದ ಗೋದಿಯ ತೌಡು ಒಂದು ಹಿಡಿ ತಂದು ನನ್ನ ಹೆಂಡತಿಯ ಉಡಿಗೆ ಹಾಕಿದರು. ಮುಂದೆ ದಿನಾ ಮುಂಜಾನೆ ಬಂದು, ನನ್ನ ಮಗಳನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದೀರೋ ಇಲ್ಲವೋ ಎಂದು ನಮ್ಮನ್ನು ಗದರಿಸಿ ಹೋಗುತ್ತಿದ್ದರು. ಹೆರಿಗೆಯಾದ ಮೇಲೆ ಹೆಂಡತಿ ಮೊದಲ ಸಲ ನಕ್ಕಿದ್ದು ಆ ಮಾತಿಗೆ.

ಮಾರಿದ್ದಕ್ಕೋ, ಬಾಟಲಿಗೋ, ಹತ್ತಿಗೋ, ಕೂಸು ನಿಂತಿತು. ತಿಂಗಳ ಮೇಲೆ ಒಂದು ದಿನ ಬತ್ತಿಯನ್ನು ಬಾಯಿಂದ ತಳ್ಳಿ ಮೊಲೆಗೆ ಬಾಯಿ ಹಾಕಿತು. ಐವತ್ತನೆಯ ದಿನ ತಕ್ಕಡಿಯ ಮುಳ್ಳು ಐದು ರತ್ತಲಿಗೆ ಬಂದು ನಿಂತಾಗ ಮಾದ್ರೆ, ಇನ್ನು ಕರೆದುಕೊಂಡು ಹೋಗಿ ಎಂದರು. ಊರಲ್ಲಿ ಪ್ಲೇಗು ಇಳಿದಿತ್ತು. ಹೆಂಡತಿ ತನ್ನ ಅರಿವೆಯ ಪೆಟ್ಟಿಗೆಯಿಂದ ಗುಳೇದಗುಡ್ಡದ ಖಣ ತೆಗೆದು, ಮೊರದ ತುಂಬ ಜೋಳ ಹಾಕಿ, ಮೇಲೆ ಖಣ ಇಟ್ಟು ಮಾದ್ರೆಯ ಮುಂದೆ ಹಿಡಿದಳು.

ಮಾದ್ರೆ ತೆಗೆದುಕೊಳ್ಳಲಿಲ್ಲ. ಕೂಸಿನ ಹಣೆ ಮುಟ್ಟಿ, ಮಗಳಿಗೆ ಬೆಲೆ ತೆಗೆದುಕೊಳ್ಳುವವಳಲ್ಲ ನಾನು, ಇವಳು ನಿಮ್ಮವಳೇ, ಹೋಗಿ ಎಂದರು. ಹೆಂಡತಿ ಬಿಡಲಿಲ್ಲ. ಕನ್ನಡದಲ್ಲೇ, "ತಗೋಬೇಕ್ರಿ, ತಗೊಳ್ಳದಿದ್ರ ನಡ್ಯೂದಿಲ್ಲ" ಎಂದು ಮೂರು ಸಲ ಹೇಳಿದಳು. ಅವರಿಗೆ ಅದು ಉಪಚಾರದ ಮಾತಿನಂತೆ ಕೇಳಿರಬೇಕು. ನಕ್ಕು, ಕೈ ಆಡಿಸಿ, ಒಳಗೆ ಹೋದರು.

"ಮೆಟ್ಟಲದ ಮ್ಯಾಲರೆ ಇಟ್ಟ ಬರೂಣ್ರಿ" ಎಂದಳು ಹೆಂಡತಿ.

"ಬ್ಯಾಡಂದ ಮ್ಯಾಲ ಬ್ಯಾಡ. ಬಿಸಾಕಿ ಹ್ವಾದಂಗ ಕಾಣತೈತಿ" ಎಂದೆ ನಾನು.

ದೊಡ್ಡ ಮನುಷ್ಯ ನಾನು, ಮರ್ಯಾದೆ ಬಲ್ಲವ! ಖಣವನ್ನು ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟೆವು.

ಕಿತ್ತೂರಿನಲ್ಲಿ ಚಕ್ಕಡಿ ನಿಂತಾಗ ಹೆಂಡತಿ ಆ ಮಾತು ತೆಗೆದಳು. ಎತ್ತುಗಳು ನೀರು ಕುಡಿಯುತ್ತಿದ್ದವು, ಅವಳು ಕೂಸಿಗೆ ನೆರಳು ಮಾಡಿಕೊಂಡು ಕುಳಿತಿದ್ದಳು.

"ಅತ್ತಿ ಕೇಳ್ತಾರ. ಖಣಾ ಕೊಟ್ಟು ಬಿಡಿಸ್ಕೊಂಡೇವಿ ಅಂತ ಹೇಳಿಬಿಡ್ರಿ."

"ಕೊಡದನ ಕೊಟ್ಟೇವಿ ಅಂತ ಹೆಂಗ ಹೇಳಲಿ?"

"ಬಾಯಿಲೆ ಹೇಳ್ರಿ. ಒಂದ ಮಾತಿಗೆ ಯಾರ ಗಂಟೂ ಹೋಗೂದಿಲ್ಲ."

ನಾನು ಎತ್ತುಗಳ ಹಗ್ಗ ಹಿಡಿಯಲು ಎದ್ದು ಹೋದೆ. ಅವಳು ಅದನ್ನು ಒಪ್ಪಿಗೆ ಎಂದು ತಿಳಿದಳು.

ಅವ್ವ ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು. ಕೂಸಿಗೆ ನಿವಾಳಿಸಿ ಒಗೆಯಲು ಕೈಯಲ್ಲಿ ಅನ್ನದ ಉಂಡೆ ಹಿಡಿದಿದ್ದಳು. ಓಣಿಯ ಹೆಂಗಸರು ನೆರೆದಿದ್ದರು. ಮಾದ್ರೆಗೆ ಮಾರಿದ ಸುದ್ದಿ ನನ್ನ ಕಾಗದದಿಂದ ಅವಳಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಅವಳ ತಕರಾರು ಇರಲಿಲ್ಲ. ನಿವಾಳಿಸಲು ಕೈ ಎತ್ತಿದವಳು ಸಹಜವಾಗಿ ಕೇಳಿದಳು.

"ಏನ ಕೊಟ್ಟು ಬಿಡಿಸ್ಕೊಂಡ್ರಿ?"

ಹೆಂಡತಿ ಹಿಂದಿನಿಂದ ನನ್ನ ಮೊಣಕೈ ಒತ್ತಿದಳು. ನಾನು ಹೇಳಿದೆ. ಕೊಟ್ಟೆವು, ಅವರು ತೆಗೆದುಕೊಳ್ಳಲಿಲ್ಲ, ಅಂಥ ದೊಡ್ಡ ಜೀವ ಅದು, ಎಂದು ಹಿಗ್ಗಿನಿಂದಲೇ ಹೇಳಿದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ನನಗೇ ಬಿದ್ದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಅವ್ವನ ಕೈ ಇಳಿಯಿತು. "ಅಲ್ಲೇ ನಿಂದ್ರು ತಮ್ಮಾ. ಒಳಗ ತರಬ್ಯಾಡ."

"ಯವ್ವಾ, ನಿನ್ನ ಮೊಮ್ಮಗಳ ಅದು."

"ಅಲ್ಲ. ಇನ್ನೂ ಆಕೀದ ಅದು. ಬೆಲಿ ಕೊಡದ ತಂದದ್ದು ಕದ್ದದ್ದು. ಕದ್ದದ್ದರ ಬೆನ್ನ ಹತ್ತಿ ಸಾವು ಮನಿತನಕಾ ಬರತೈತಿ. ಎರಡು ಹೋದ್ವು. ಇನ್ನೊಂದನ್ನ ನೋಡಾಕ ನನ್ನ ಕೈಲೆ ಆಗೂದಿಲ್ಲ."

ಅವಳು ಕೆಟ್ಟವಳಾಗಿರಲಿಲ್ಲ. ಎರಡು ಕೂಸುಗಳನ್ನೂ ಕೊನೆಗೆ ತೊಡೆಯ ಮೇಲೆ ಹಾಕಿಕೊಂಡು ಕುಳಿತವಳು ಅವಳೇ. ಅವಳ ಹೆದರಿಕೆಯನ್ನು ನಾನು ಕ್ಷಮಿಸಬಲ್ಲೆ. ಆದರೆ ಓಣಿಗೆ ಹೆದರಿಕೆ ಇರಲಿಲ್ಲ, ಅದಕ್ಕೆ ಬೇಕಾದದ್ದು ತಮಾಷೆ. ಸಂಜೆಯೊಳಗೆ ಅವ್ವನ ಆ ಒಂದು ಮಾತಿಗೆ ಬಾಲ ಬೆಳೆದು, ಕೂಸು ಕಿರಿಸ್ತಾನರದು, ಇವರು ಮಾರಿ ಬಂದಾರ, ಎಂದಾಗಿತ್ತು. ಬುಟ್ಟಿ ಹೆಣೆಯುವವಳಿಗೆ ಮಾರಿದ್ದ ನನ್ನನ್ನು ನೀನು ಬುಟ್ಟಿಯವರವನು ಎಂದು ಯಾರೂ ಅಂದಿರಲಿಲ್ಲ. ಗಂಡುಮಗನಿಗೆ ಅಂಥ ಮಾತು ಅಂಟುವುದಿಲ್ಲ.

ನಮ್ಮಲ್ಲಿ ಕೂಸಿಗೆ ಮಠದ ಅಯ್ಯನವರು ಬಂದು ಲಿಂಗ ಕಟ್ಟಬೇಕು, ಆಮೇಲೆ ತೊಟ್ಟಿಲು, ಹೆಸರು. ಮರುದಿನ ಅಯ್ಯನವರು ಇಬ್ಬರು ಹಿರಿಯರ ಜೊತೆಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. "ಬ್ಯಾರೆಯವರ ಕೂಸಿಗೆ ನಾವು ಹೆಂಗ ಲಿಂಗಾ ಕಟ್ಟೂದು? ಬಿಡಿಸ್ಕೊಂಡ ಬರ್ರಿ, ಅವತ್ತ ಕಟ್ಟತೇವಿ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಹೆಂಡತಿ, ಕೂಸು ಇಬ್ಬರೂ ಹೊಲದಲ್ಲಿ ನಮ್ಮ ಪ್ಲೇಗಿನ ಗುಡಿಸಲಿನಲ್ಲಿ ಉಳಿದರು. ಊರೆಲ್ಲ ಗುಡಿಸಲು ಬಿಟ್ಟು ಮನೆಗೆ ಬರುವಾಗ ಅವರಿಬ್ಬರು ಮನೆಯ ಬಾಗಿಲಿಂದ ಗುಡಿಸಲಿಗೆ ಹೋದರು. ನಾನು ಅದೇ ಖಣ ತೆಗೆದುಕೊಂಡು ಮತ್ತೆ ಘಟ್ಟ ಇಳಿದೆ. ಹೊರಡುವಾಗ ಹೆಂಡತಿ ಹೇಳಿದಳು: "ಅವರಿಲ್ಲದಿದ್ರ ಅಲ್ಲಿ ಯಾರಿಗರೆ ಕೊಟ್ಟ ಬರ್ರಿ. ಬಂದು, ಕೊಟ್ಟೆ ಅನ್ರಿ."

ಹಿರಿಯ ಮಾದ್ರೆ ಇರಲಿಲ್ಲ. ಅವರ ಮೇಲಿನವರು ಹಡಗು ಹತ್ತಿಸಿ ಬೇರೆ ಯಾವುದೋ ದೇಶಕ್ಕೆ ಕಳಿಸಿದ್ದರು. ಅವರ ಜಾಗದಲ್ಲಿದ್ದ ಎಳೆಯ ಮಾದ್ರೆ ಖಣ ನೋಡಿ, ಯಾರಾದರೊಬ್ಬ ಬಡವಿಗೆ ಆಗುತ್ತದೆ ಕೊಡಿ ಎಂದು ಕೈ ಚಾಚಿದರು. ನಾನು ಕೊಡಲಿಲ್ಲ! ಕೊಂಡವರು ಒಬ್ಬರು, ಬೆಲೆ ಪಡೆಯುವವರು ಇನ್ನೊಬ್ಬರು, ಇದು ಸರಿಯಾದ ತೂಕ ಹೇಗಾದೀತು ಎಂದು ನನ್ನ ತಕ್ಕಡಿಯ ಬುದ್ಧಿ ಕೇಳಿತು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಖಣವನ್ನು ತಿರುಗಿ ತಂದು ಅವ್ವನ ಮುಂದಿಟ್ಟು, ಆದದ್ದೆಲ್ಲ ಒಂದಕ್ಷರ ಬಿಡದೆ ಹೇಳಿದೆ. ಆಮೇಲೆ ಗುಡಿಸಲಿಗೆ ಹೋಗಿ ಹೆಂಡತಿಗೂ ಹೇಳಿದೆ.

ಅವಳು ಕೂಸಿನ ತಲೆ ಸವರುತ್ತ, "ನಿಮ್ಮ ಖರೇದ ಭಾರ ಯಾವಾಗಲೂ ಮಂದಿ ತಲಿ ಮ್ಯಾಲ ಬೀಳತೈತಿ" ಎಂದಳು.

ಮರುದಿನ ಮುಂಜಾನೆ ಅವಳು ಕೂಸನ್ನು ಕಂಕುಳಲ್ಲಿ ಕಟ್ಟಿಕೊಂಡು ಊರೊಳಗೆ ಬಂದಳು. ಜೊತೆಗೆ ಬುಟ್ಟಿ ಹೆಣೆಯುವ ಮುದುಕಿ ಇದ್ದಳು, ನನ್ನನ್ನು ಕೊಂಡವಳು. ಬೆನ್ನು ಬಾಗಿತ್ತು, ಬೆರಳ ತುಂಬ ಬಿದಿರಿನ ಗೀರು. ಅವತ್ತು ಅಯ್ಯನವರನ್ನೂ ಹಿರಿಯರನ್ನೂ ಮುಂದೇನು ಎಂದು ಕೇಳಲು ನಾನೇ ಕರೆಸಿದ್ದೆ. ಎಲ್ಲರೂ ಕಟ್ಟೆಯ ಮೇಲಿದ್ದರು. ನಾನು ಹೊಸ್ತಿಲ ಒಳಗೆ, ಅವ್ವನ ಮಗ್ಗುಲಲ್ಲಿ ನಿಂತಿದ್ದೆ.

"ಅತ್ತಿ" ಎಂದಳು ಹೆಂಡತಿ, ದನಿ ಏರಿಸದೆ. "ಇವರನ್ನ ನೀವು ಮಾರಿದ್ರೆಲ್ಲಾ, ಏನ ಕೊಟ್ಟು ಬಿಡಿಸ್ಕೊಂಡ್ರಿ?"

"ಖಣಾ, ಜ್ವಾಳಾ. ಎಲ್ಲಾರೂ ಕೊಡೂದ ನಾನೂ ಕೊಟ್ಟೇನಿ" ಎಂದಳು ಅವ್ವ.

ಮುದುಕಿ ಕೈಮುಗಿದುಕೊಂಡೇ ಹೇಳಿದಳು. "ಜ್ವಾಳಾ ಕೊಟ್ಟಿದ್ರಿ ಯವ್ವಾರ. ಖಣಾ ಸುಗ್ಗಿ ಮುಗೀಲಿ ಕೊಡತೇನಿ ಅಂದಿದ್ರಿ. ಇಪ್ಪತ್ತೆಂಟ ಸುಗ್ಗಿ ಮುಗದ್ವು. ಬಡವಿ ನಾ ಹೆಂಗ ಕೇಳಲಿ? ಇವತ್ತ ನಿಮ್ಮ ಸೊಸಿ ಬಂದು ಕೇಳಿದ್ಲು ಅಂತ ಹೇಳೇನಿ, ತಪ್ಪ ತಿಳೀಬ್ಯಾಡ್ರಿ."

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು.

"ಹಂಗಾದ್ರ ಇವರೂ ಬ್ಯಾರೆಯವರ ಮಗಾನ ಆದ್ರು" ಎಂದಳು ಹೆಂಡತಿ. ನಂತರ ನನ್ನನ್ನು ನೋಡಿದಳು. "ಬರ್ರಿ, ಹೊರಗ ಬರ್ರಿ. ಮೂರೂ ಮಂದಿ ಗುಡಿಸಲದಾಗ ಇರೂಣು."

ಅವಳು ಅಷ್ಟೆಲ್ಲ ಮಾಡಿದ್ದು ಅವ್ವನಿಗೆ ಅವಮಾನ ಮಾಡಲು ಎಂದು ಓಣಿ ಬಹಳ ದಿನ ಆಡಿಕೊಂಡಿತು. ಅಲ್ಲ. ಎರಡೂ ಕೂಸಿಗೆ ಒಂದೇ ನ್ಯಾಯ ಎಂದು ತೋರಿಸಿದರೆ ಹಿರಿಯರು ನಕ್ಕು, ಎರಡನ್ನೂ ಒಳಗೆ ಕರೆದುಕೊಳ್ಳುತ್ತಾರೆ ಎಂದು ಅವಳು ನಂಬಿದ್ದಳು.

ಅವ್ವ ಒಳಗೆ ಹೋದಳು. ಹೋಗಿ ಬರಲು ಅರ್ಧ ಗಳಿಗೆಯೂ ಹಿಡಿಯಲಿಲ್ಲ. ಕೈಯಲ್ಲಿ ಖಣ ಇತ್ತು. ನಾನು ಎರಡು ಸಲ ಗೋವೆಗೆ ಒಯ್ದು ಎರಡು ಸಲ ತಿರುಗಿ ತಂದ ಖಣ, ನನ್ನ ಮಗಳನ್ನು ಬಿಡಿಸಿಕೊಳ್ಳಬೇಕಾಗಿದ್ದ ಖಣ. ಅದನ್ನು ಮುದುಕಿಯ ಕೈಗೆ ಹಾಕಿದಳು. ಮುದುಕಿ ಬೆರಳಿನಲ್ಲಿ ಅಂಚು ಸವರಿ ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿರಿಯರೊಬ್ಬರು, "ಮುಗೀತು, ಮಗಾ ನಿಮ್ಮಾಂವ ಆದ" ಎಂದರು. ಅಯ್ಯನವರು ತಲೆಯಾಡಿಸಿದರು.

"ಮತ್ತ ಇದು?" ಎಂದಳು ಹೆಂಡತಿ, ಕೂಸನ್ನು ಮುಂದೆ ಹಿಡಿದು.

"ಅದು ಬ್ಯಾರೆ ಮಾತು. ಕೊಂಡಾಕಿ ಇಲ್ಲಲ್ಲ" ಎಂದರು ಅದೇ ಹಿರಿಯರು.

ಆಗ ನಾನು ಹೊಸ್ತಿಲು ದಾಟಿ ಹೊರಗೆ ಬರಬೇಕಾಗಿತ್ತು. ಎರಡು ಹೆಜ್ಜೆ. ಗುಡಿಸಲಿಗೆ ಹೋಗಬಹುದಾಗಿತ್ತು, ಮತ್ತೆ ಗೋವೆಗೆ ಹೋಗಬಹುದಾಗಿತ್ತು, ಬಂದರದ ಕೆಲಸ ಇನ್ನೂ ಇತ್ತು. ನನ್ನ ತಲೆಯೊಳಗೆ ಏನಿತ್ತು ಎಂದು ಕೇಳಿದರೆ, ಅಯ್ಯನವರ ಮುಂದೆ ಅವ್ವನ ಮಾತು ಮೀರುವುದು ಹೇಗೆ, ನಾಲ್ಕು ದಿನ ತಡೆದರೆ ಎಲ್ಲ ಸರಿಹೋದೀತು, ಇಂಥವು. ಅವ್ವ ನನ್ನ ತೋಳು ಹಿಡಿದು, "ಒಳಗ ಬಾ ತಮ್ಮಾ, ಉಂಡಿಲ್ಲ ನೀ" ಎಂದಳು. ನಾನು ಹೋದೆ. ಕುಳಿತೆ. ಎರಡು ರೊಟ್ಟಿ ತಿಂದೆ.

ಕೈ ತೊಳೆದು ಬರುವುದರೊಳಗೆ ಹೆಂಡತಿ ಇರಲಿಲ್ಲ. ಸವದತ್ತಿಯ ಕಡೆಗೆ ಹೊರಟ ಕಾಳಿನ ಚಕ್ಕಡಿಯಲ್ಲಿ ಜಾಗ ಕೇಳಿಕೊಂಡು ತವರಿಗೆ ಹೋಗಿದ್ದಳು. ಸಿರಸಂಗಿಯಲ್ಲಿ ಅವಳ ತಾಯಿಯೂ ಅದೇ ಪ್ರಶ್ನೆ ಕೇಳಿದಳಂತೆ, ಏನು ಕೊಟ್ಟು ಬಿಡಿಸಿಕೊಂಡಿರಿ ಎಂದು. ಹೆಂಡತಿ, "ಖಣಾ ಕೊಟ್ಟೇವಿ" ಎಂದಳಂತೆ. ಅಷ್ಟೇ. ಅವತ್ತೇ ಲಿಂಗ ಕಟ್ಟಿದರು, ಮೂರನೆಯ ದಿನ ತೊಟ್ಟಿಲಿಗೆ ಹಾಕಿದರು. ಹೆಸರಿಟ್ಟ ಸುದ್ದಿ ನನಗೆ ಸಂತೆಗೆ ಬಂದವರಿಂದ ತಿಳಿಯಿತು.

ಹದಿನೈದು ದಿನ ಬಿಟ್ಟು ಹೋದೆ. ಹೆಂಡತಿ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಮಣೆ ಹಾಕಿದಳು, ಬಡಿಸಿದಳು, ಬೈಲಹೊಂಗಲಕ್ಕೆ ಬಾ ಎಂದರೆ ತಲೆ ಅಲ್ಲಾಡಿಸಿದಳು. "ಆಕೀನ ಒಳಗ ಕರಕೊಂಡ್ರ ಬರತೇನಿ" ಎಂದಳು. ಅವ್ವ ಕರೆದುಕೊಳ್ಳಲಿಲ್ಲ. ಹತ್ತಿ ಅಂಗಡಿ ಮತ್ತೆ ತೆರೆದಿತ್ತು, ಅವ್ವ ಒಬ್ಬಳೇ ಇದ್ದಳು, ಹಿರಿಯರ ಮನಸ್ಸು ಇವತ್ತಲ್ಲ ನಾಳೆ ತಿರುಗುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ತಿಂಗಳಿಗೊಮ್ಮೆ ಹೋಗುತ್ತಿದ್ದವ ಹಬ್ಬಕ್ಕೊಮ್ಮೆ ಹೋಗತೊಡಗಿದೆ. ಹೋದಾಗ ಮಗಳಿಗೆ ಬೆಲ್ಲ, ಪುಟಾಣಿ, ಒಮ್ಮೆ ಕಾಲ್ಗೆಜ್ಜೆ. ಅವ್ವ ಸಾಯುವವರೆಗೂ ಮೊಮ್ಮಗಳ ಮುಖ ನೋಡಲಿಲ್ಲ. ಆಮೇಲೆ ಮನೆ ನನ್ನದಾಯಿತು, ಬಾಗಿಲು ನನ್ನದಾಯಿತು, ಬನ್ನಿ ಎಂದರೆ ಬರುವವರು ಇರಲಿಲ್ಲ.

ಮಗಳು ಈಗ ಕಟಕೋಳದಲ್ಲಿದ್ದಾಳೆ, ನಾಲ್ಕು ಮಕ್ಕಳ ತಾಯಿ, ಗಟ್ಟಿಮುಟ್ಟಾಗಿದ್ದಾಳೆ. ಮೂರು ರತ್ತಲು ಇದ್ದವಳು ಎಂದರೆ ಯಾರೂ ನಂಬುವುದಿಲ್ಲ. ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ಕುಳಿತವನು ಸೋದರಮಾವ. ಅದೂ ನನಗೆ ಅಷ್ಟು ನಾಟಲಿಲ್ಲ. ನಾಟಬೇಕಾದದ್ದು ಬಹಳ ಮೊದಲೇ ನಾಟಿತ್ತು.

ಅವಳಿಗೆ ಆಗ ಐದು ವರ್ಷ. ನಾಗರಪಂಚಮಿಯ ಮುನ್ನಾದಿನ ನಾನು ಸಿರಸಂಗಿಗೆ ಹೋದೆ. ಬಾಗಿಲಲ್ಲಿ ಕುಳಿತು ಹುಣಸೆಬೀಜ ಆಡುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಗುರುತು ಹಿಡಿದಳು, ಮುಖ ಅರಳಿತು, ಹಾಗಾಗಿ ಇನ್ನೇನು ಬಂದು ಕಾಲು ಹಿಡಿದುಕೊಳ್ಳುತ್ತಾಳೆ ಎಂದು ನಾನು ಗಂಟು ಕೆಳಗಿಟ್ಟು ಬಗ್ಗಿದೆ. ಅವಳು ತಿರುಗಿ ಒಳಗೆ ಓಡಿದಳು.

"ಯವ್ವಾ, ಬೈಲಹೊಂಗಲದವರು ಬಂದಾರ!"

ನಾನು ಬಗ್ಗಿದವ ಬಗ್ಗಿಕೊಂಡೇ ನಿಂತೆ. ಹಾಗನ್ನಬಾರದು, ಅವರು ನಿನ್ನ ಅಪ್ಪ, ಎಂದು ಹೆಂಡತಿ ಒಳಗಿನಿಂದ ತಿದ್ದುತ್ತಾಳೆ ಎಂದು ಕಾದೆ. ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣ ನಿಂತಿತು.

"ಕಾಲಿಗೆ ನೀರ ಕೊಡು" ಎಂದಳು. "ಕುಂದ್ರಾಕ ಹೇಳು."